ಮೊದಲು ಲೆಕ್ಕ, ಆಮೇಲೆ ದುಡ್ಡು

ಮೂಡಿಗೆರೆಯ ನಮ್ಮ ತೋಟದಲ್ಲಿ ಹೂಮಳೆಗೆ ಕಾಯುವ ಹೊತ್ತಿಗೆ ಇಲ್ಲಿ ಒಹಾಯೊದಲ್ಲಿ ತೆರಿಗೆಯ ಗಡುವು ಬಾಗಿಲಿಗೆ ಬಂದಿರುತ್ತದೆ. ಏಪ್ರಿಲ್ 15. ಹನ್ನೊಂದು ವರ್ಷ ಈ ದಿನದ ಬಗ್ಗೆ ನನಗೆ ಯಾವ ಅಳುಕೂ ಇರಲಿಲ್ಲ. ಸಂಬಳದಿಂದ ತೆರಿಗೆಯನ್ನು ಮೊದಲೇ ಹಿಡಿದುಕೊಂಡಿರುತ್ತಿದ್ದರು, ಲೆಕ್ಕ ಸಲ್ಲಿಸಿದರೆ ಒಂದಿಷ್ಟು ಹಣ ವಾಪಸು ಬರುತ್ತಿತ್ತು. ಕಳೆದ ವರ್ಷ ಹಾಗಾಗಲಿಲ್ಲ. ಮನೆ ಪಾಲಾಗಿ ತೋಟದ ಒಂದು ಭಾಗ ನನ್ನ ಹೆಸರಿಗೆ ಬಂದಿತ್ತು. ಕಾಫಿಗೆ ನಮ್ಮ ಮನೆಯವರು ಹಿಂದೆಂದೂ ಕಾಣದ ಬೆಲೆಯೂ ಸಿಕ್ಕಿತ್ತು.

ಊರಿನಲ್ಲಿ ಈ ಹಣದ ಮೇಲೆ ಆದಾಯ ತೆರಿಗೆ ಇಲ್ಲ. ಬೆಳೆದ ಕಾಫಿಯನ್ನು ಕ್ಯೂರಿಂಗ್, ಅಂದರೆ ಗಿರಣಿಯಲ್ಲಿ ಸಿಪ್ಪೆ ತೆಗೆಸಿ ಬೀಜ ವಿಂಗಡಿಸುವ ಕೆಲಸ, ಮಾಡಿಸದೆ ಮಾರಿದರೆ ಅದು ಪೂರ್ತಿ ಕೃಷಿ ಆದಾಯ. ಕ್ಯೂರಿಂಗ್ ಮಾಡಿಸಿ ಮಾರಿದರೆ ಅದರ ಶೇ 25ರಷ್ಟು, ಹುರಿದು ಪುಡಿ ಮಾಡಿ ಮಾರಿದರೆ ಶೇ 40ರಷ್ಟು ಭಾಗ ಮಾತ್ರ ವ್ಯಾಪಾರದ ಆದಾಯವೆಂದು ತೆರಿಗೆಗೆ ಒಳಪಡುತ್ತದೆ. ನಮ್ಮ ತೋಟದ ಚೆರ್ರಿ (ಹಣ್ಣನ್ನು ಇಡಿಯಾಗಿ ಒಣಗಿಸಿದ್ದು), ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಬೀಜ) ಎರಡೂ ಕ್ಯೂರಿಂಗ್ ಇಲ್ಲದೆ, ಮೂಟೆ ಕಟ್ಟಿದ ಹಾಗೆಯೇ ವ್ಯಾಪಾರಿಗೆ ಹೋಗುತ್ತವೆ. ಆದರೆ ಅಮೆರಿಕದಲ್ಲಿ ನೆಲೆಸಿದವನ ಆದಾಯ ಲೋಕದ ಯಾವ ಮೂಲೆಯಲ್ಲಿ ಹುಟ್ಟಿದರೂ ಇಲ್ಲಿಯ ಲೆಕ್ಕಕ್ಕೆ ಸೇರಬೇಕು. ಭಾರತದಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿಯ ತೆರಿಗೆಯಿಂದ ಕಳೆಯಲು ಅವಕಾಶವಿದೆ ನಿಜ. ಅಲ್ಲಿ ಕಟ್ಟಿಯೇ ಇಲ್ಲದಿದ್ದರೆ ಕಳೆಯುವುದು ಏನನ್ನು?

ಇದು ಗೊತ್ತಾದದ್ದು ಫೆಬ್ರವರಿಯಲ್ಲಿ. ಅಂದಿನಿಂದ ಕಾಗದಗಳಿದ್ದ ನೀಲಿ ಫೈಲು ಊಟದ ಮೇಜಿನ ತುದಿಯಲ್ಲಿ ಕುಳಿತಿತ್ತು. ಮೇಜು ಒರೆಸುವಾಗ ಅದನ್ನು ಎತ್ತಿ ಕುರ್ಚಿಯ ಮೇಲಿಡುತ್ತಿದ್ದೆ, ಒರೆಸಿದ ಮೇಲೆ ಮತ್ತೆ ಅಲ್ಲಿಗೇ. ತೆರೆಯುತ್ತಿರಲಿಲ್ಲ. ಹೆಂಡತಿ ಕೇಳಿದರೆ ‘ಮಾಡುತ್ತಿದ್ದೇನೆ’ ಎನ್ನುತ್ತಿದ್ದೆ. ರಾತ್ರಿ ಎಚ್ಚರವಾದರೆ ಐದು ಸಾವಿರ ಡಾಲರ್ ಇರಬಹುದೇ, ಎಂಟು ಸಾವಿರ ಇರಬಹುದೇ ಎಂದು ಕತ್ತಲಲ್ಲಿ ಕೂಡಿಸುತ್ತಿದ್ದೆ. ದಂಡ ಎಷ್ಟು, ನೋಟಿಸ್ ಬಂದರೆ ಏನು, ಇಲ್ಲಿಯ ವಾಸಕ್ಕೇ ತೊಂದರೆಯಾಗುತ್ತದೆಯೇ ಎಂಬಲ್ಲಿಗೆ ಯೋಚನೆ ಹೋಗಿ ನಿಲ್ಲುತ್ತಿತ್ತು.

ಏಪ್ರಿಲ್ ಮೊದಲ ವಾರ ದೊಡ್ಡಪ್ಪ ಫೋನ್ ಮಾಡಿದರು. ತೋಟ ಬೆಳ್ಳಗೆ ಹೂ ಬಿಟ್ಟಿದೆ ಎಂದು ಹೇಳುವುದಕ್ಕೆ. ನನ್ನ ದನಿಯಲ್ಲೇ ಏನೋ ತಿಳಿಯಿತೆಂದು ತೋರುತ್ತದೆ, ವಿಷಯ ಹೊರಡಿಸಿದರು. ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು: “ಎಷ್ಟು ಬಾಕಿ ಎಂದು ಗೊತ್ತೇನೋ?”

“ಇಲ್ಲ ದೊಡ್ಡಪ್ಪ.”

“ಹಾಗಾದರೆ ಯಾವುದಕ್ಕೆ ಹೆದರುತ್ತಿದ್ದೀಯ?”

ಫೋನ್ ಇಟ್ಟ ಮೇಲೆ ಒಂದು ಹಳೆಯ ದಿನ ನೆನಪಾಯಿತು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಕಾಫಿ ಬೆಲೆ ಕುಸಿದಿತ್ತು. ಕೂಲಿ ಕೊಟ್ಟರೆ ಗೊಬ್ಬರಕ್ಕಿಲ್ಲ, ಗೊಬ್ಬರ ತಂದರೆ ಕೂಲಿಗಿಲ್ಲ ಎಂಬ ಕಾಲ. ಸೊಸೈಟಿಯ ಸಾಲದ ವಾಯಿದೆಗೆ ಇನ್ನೂ ಹದಿನೈದು ದಿನ ಇರುವಾಗಲೇ ದೊಡ್ಡಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನ್ನನ್ನೂ ಕರೆದುಕೊಂಡು ಹೊರಟರು. ಕಾರ್ಯದರ್ಶಿಯ ಎದುರಿನ ಬೆಂಚಿನಲ್ಲಿ ಕುಳಿತು ಪಾಸ್‌ಪುಸ್ತಕ ಬಿಚ್ಚಿಟ್ಟು, “ಅಸಲು ಈ ವರ್ಷ ಆಗುವುದಿಲ್ಲ. ಬಡ್ಡಿ ತಂದಿದ್ದೇನೆ, ಬರೆದುಕೊಳ್ಳಿ” ಎಂದರು. ದನಿ ತಗ್ಗಿಸಲಿಲ್ಲ, ಏರಿಸಲೂ ಇಲ್ಲ. ಮನೆಗೆ ಬಂದು ರಸೀದಿಯನ್ನು ಅಡುಗೆಮನೆಯ ಬಾಗಿಲ ಪಕ್ಕದ ತಂತಿಗೆ ಚುಚ್ಚಿದರು. ಆ ತಂತಿಯಲ್ಲಿ ಕಂದಾಯದ ರಸೀದಿಯಿಂದ ಹಿಡಿದು ಕರೆಂಟ್ ಬಿಲ್ಲಿನವರೆಗೆ ಎಲ್ಲವೂ ಇದ್ದವು, ಕೆಳಗಿನವು ಹೊಗೆ ಹಿಡಿದು ಕಂದು ಬಣ್ಣಕ್ಕೆ ತಿರುಗಿದ್ದವು.

ಬಾಕಿಯನ್ನು ಹೇಳುವುದು ಬೇರೆ, ಬಾಕಿಯನ್ನು ಕಟ್ಟುವುದು ಬೇರೆ. ನಮ್ಮ ಬೆಳೆಗಾರರಿಗೆ ಇದು ಚೆನ್ನಾಗಿ ಗೊತ್ತು. ಹಿಂದೆ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೇ, ಅಂದರೆ ಎಲ್ಲರ ಬೆಳೆಯನ್ನೂ ಒಟ್ಟುಗೂಡಿಸಿ ಮಾರುವ ವ್ಯವಸ್ಥೆಗೇ, ಕೊಡಬೇಕಿದ್ದ ಕಾಲದಲ್ಲಿ, ಅಂದರೆ 1990ರ ದಶಕದ ಸುಧಾರಣೆಗಳವರೆಗೆ, ಅವರಿಗೆ ಬರಬೇಕಾದ ಹಣವೂ ಕಂತುಕಂತಾಗಿಯೇ ಬರುತ್ತಿತ್ತು. ಆದ್ದರಿಂದ ಕಂತಿನಲ್ಲಿ ಅವರು ಅವಮಾನ ಕಾಣುವುದಿಲ್ಲ. ನಾನು ಮಾತ್ರ ಎರಡನ್ನೂ ಒಂದೇ ಗಂಟು ಮಾಡಿಕೊಂಡು, ಕಟ್ಟಲು ದುಡ್ಡಿಲ್ಲವೆಂದು ಹೇಳುವುದನ್ನೇ ಮುಂದೂಡುತ್ತಿದ್ದೆ.

ಅಮೆರಿಕದ ಕಾನೂನು ಈ ವಿಷಯದಲ್ಲಿ ದೊಡ್ಡಪ್ಪನ ಪಕ್ಷದಲ್ಲಿದೆ ಎಂದು ಆಮೇಲೆ ತಿಳಿಯಿತು. ಗಡುವಿನೊಳಗೆ ಲೆಕ್ಕ ಸಲ್ಲಿಸದಿದ್ದರೆ ಬಾಕಿಯ ಮೇಲೆ ತಿಂಗಳಿಗೆ ಶೇ 5 ದಂಡ, ಗರಿಷ್ಠ ಶೇ 25. ಸಲ್ಲಿಸಿ ಹಣ ಕಟ್ಟದಿದ್ದರೆ ತಿಂಗಳಿಗೆ ಶೇ 0.5 ಮಾತ್ರ. ಮುಚ್ಚಿಟ್ಟವನಿಗೆ ಹತ್ತು ಪಟ್ಟು ಶಿಕ್ಷೆ. ಫೈಲು ತೆರೆದು ನೋಡಿದಾಗ ನನ್ನ ಬಾಕಿ 3,600 ಡಾಲರ್. ಐದು ತಿಂಗಳು ಸುಮ್ಮನಿದ್ದಿದ್ದರೆ ದಂಡ 900 ಡಾಲರ್ ಆಗುತ್ತಿತ್ತು. ಸಕಾಲದಲ್ಲಿ ಸಲ್ಲಿಸಿ ಒಂದು ಕಾಸೂ ಕಟ್ಟದೆ ಅಷ್ಟೇ ದಿನ ಕಳೆದಿದ್ದರೂ 90 ಡಾಲರ್. ಬಡ್ಡಿ ಬೇರೆ, ಅದು ಎರಡಕ್ಕೂ ಇದೆ. ಸಕಾಲದಲ್ಲಿ ಸಲ್ಲಿಸಿದವನು ಕಂತಿನ ಒಪ್ಪಂದ ಮಾಡಿಕೊಂಡರೆ ಆ ಶೇ 0.5 ಕೂಡ ಇಳಿದು ಶೇ 0.25 ಆಗುತ್ತದೆ. ಕಾಗದ ಸಿದ್ಧವಿಲ್ಲದವರು ಅರ್ಜಿ ಹಾಕಿ ಅಕ್ಟೋಬರ್ 15ರವರೆಗೆ ಸಮಯ ಪಡೆಯಬಹುದು. ಆದರೆ ಅದು ಲೆಕ್ಕ ಕೊಡಲು ಸಿಗುವ ಸಮಯವೇ ಹೊರತು ಹಣ ಕಟ್ಟಲು ಅಲ್ಲ. ಇಲ್ಲಿಯ ನಮ್ಮವರಲ್ಲಿ ಎಷ್ಟೋ ಮಂದಿ ಎಡವುವುದು ಇಲ್ಲೇ. ಇನ್ನೊಂದು ವಿಷಯ: ಹಿಂದಿನ ಮೂರು ವರ್ಷ ತಪ್ಪಿಲ್ಲದೆ ನಡೆದುಕೊಂಡವರು ಮೊದಲ ಸಲದ ದಂಡವನ್ನು ಬಿಡಿ ಎಂದು ಕೇಳಬಹುದು.

ಹಾಗೆಂದು ಊರಿನ ರೀತಿಯೆಲ್ಲ ಒಳ್ಳೆಯದು ಎಂದು ನಾನು ಹೇಳುವುದಿಲ್ಲ. ಸೊಸೈಟಿಯಲ್ಲಿ ಎದೆ ಸೆಟೆಸಿ ಕೂರುವ ನಮ್ಮವರೇ ಆದಾಯ ತೆರಿಗೆ ಎಂದರೆ ಚಿಕ್ಕಮಗಳೂರಿನ ಆಡಿಟರ ಕೈಗೆ ಚೀಲ ಒಪ್ಪಿಸಿ, ತೋರಿಸಿದಲ್ಲಿ ಸಹಿ ಹಾಕಿ ಬರುತ್ತಾರೆ. ಒಳಗೆ ಏನಿದೆ ಎಂದು ನೋಡುವುದಿಲ್ಲ. ‘ಅವರ ಮನೆಗೆ ನೋಟಿಸ್ ಬಂತಂತೆ’ ಎನ್ನುವಾಗ ಯಾರಿಗೋ ಕೆಟ್ಟ ಕಾಯಿಲೆ ಬಂತು ಎನ್ನುವ ದನಿ. ನಾನು ಆ ದನಿಯನ್ನು ಕೇಳಿಯೇ ಬೆಳೆದವನು, ಅದನ್ನು ಹೊತ್ತುಕೊಂಡೇ ವಿಮಾನ ಹತ್ತಿದ್ದೇನೆ. ಇಲ್ಲಿ ಬಾಕಿಯ ಮೊದಲ ನೋಟಿಸ್ ಸಾಧಾರಣ ಅಂಚೆಯಲ್ಲಿ ಬರುವ ಒಂದು ಬಿಲ್ಲು. ಇಷ್ಟು ತೆರಿಗೆ, ಇಷ್ಟು ದಂಡ, ಇಷ್ಟು ಬಡ್ಡಿ, ಇಂಥ ದಿನದೊಳಗೆ ಕಟ್ಟಿ, ಆಗದಿದ್ದರೆ ಹೀಗೆ ಮಾಡಿ ಎಂದು ಸಾಲುಸಾಲಾಗಿ ಬರೆದಿರುತ್ತದೆ. ಇಷ್ಟು ಬಿಡಿಸಿ ಬರೆದ ಕಾಗದ ನಮ್ಮ ಊರಿನ ಪ್ರತಿಯೊಬ್ಬ ತೆರಿಗೆದಾರನಿಗೂ ಅವನ ಭಾಷೆಯಲ್ಲೇ ಸಿಗಬೇಕು ಎಂಬುದು ನನ್ನ ಆಸೆ. ಕನ್ನಡದಲ್ಲಿ ಓದಿದ್ದರೆ ಆ ಭಯ ಅರ್ಧ ಇಳಿಯುತ್ತಿತ್ತು.

ಮುಂದಿನ ವರ್ಷಗಳ ಬಗ್ಗೆ ಹೇಳುವುದಾದರೆ, ತೋಟದ ಹಣ ಬಂದ ತಿಂಗಳೇ ಒಂದು ಪಾಲನ್ನು ತೆಗೆದಿಡುವ ಅಭ್ಯಾಸ ಮಾಡಿಕೊಂಡಿದ್ದೇನೆ. ಇಲ್ಲಿ ಅಂದಾಜು ತೆರಿಗೆಯನ್ನು ವರ್ಷಕ್ಕೆ ನಾಲ್ಕು ಸಲ ಕಟ್ಟಬಹುದು, ಊರಿನ ಮುಂಗಡ ತೆರಿಗೆಯೂ ನಾಲ್ಕು ಕಂತಿನದೇ. ಈ ಒಂದು ವಿಷಯದಲ್ಲಿ ಎರಡೂ ದೇಶಗಳ ಯೋಚನೆ ಒಂದೇ.

ಏಪ್ರಿಲ್ 12ರ ರಾತ್ರಿ ಲೆಕ್ಕ ಸಲ್ಲಿಸಿದೆ. ಉಳಿತಾಯದಿಂದ 1,600 ಡಾಲರ್ ಕಟ್ಟಿ, ಉಳಿದ ಎರಡು ಸಾವಿರಕ್ಕೆ ಕಂತು ಕೇಳಿದೆ. ಊರಿನಲ್ಲಿ ಆಗ ಬೆಳಗ್ಗೆ, ದೊಡ್ಡಪ್ಪ ತೋಟಕ್ಕೆ ಹೊರಟಿದ್ದರು. ಮೊತ್ತ ಹೇಳಿದೆ. ಅವರು ಅದನ್ನು ರೂಪಾಯಿಗೆ ತಿರುಗಿಸಿ ಕೇಳಲೂ ಇಲ್ಲ.

“ಸರಿ. ಕಂತು ಯಾವ ತಾರೀಕಿಗೆ?”

“ಪ್ರತಿ ತಿಂಗಳು ಇಪ್ಪತ್ತಕ್ಕೆ.”

“ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೋ” ಎಂದರು. ಆಮೇಲೆ, ಹೂವಿನ ಮೇಲೆ ಇನ್ನೊಂದು ಮಳೆ ಬೇಕಿತ್ತು, ಬಣಕಲ್ ಕಡೆ ಮೋಡ ಕಟ್ಟಿದೆ, ನಮ್ಮ ಕಡೆಗೂ ಬಂದೀತು ಎಂದು ಹೇಳಿ ಫೋನ್ ಇಟ್ಟರು.