ಕ್ರೆಡಿಟ್ ಫ್ರೀಜ್ ಮಾಡಿಸಿದರೆ ಸ್ಕೋರ್ ಕುಸಿಯುವುದಿಲ್ಲ: ಒಂದು ಸ್ಪಷ್ಟನೆ

ಕ್ರೆಡಿಟ್ ಫ್ರೀಜ್ ಮಾಡಿಸಿದರೆ ಕ್ರೆಡಿಟ್ ಸ್ಕೋರ್ (ಸಾಲ ತೀರಿಸುವ ವಿಶ್ವಾಸಾರ್ಹತೆಯ ಅಂಕ) ಕುಸಿಯುತ್ತದೆ, ಕೈಯಲ್ಲಿರುವ ಕಾರ್ಡುಗಳು ನಿಂತುಹೋಗುತ್ತವೆ, ಅದಕ್ಕೆ ಶುಲ್ಕವನ್ನೂ ತೆರಬೇಕು ಎಂಬ ಮಾತು ಅಮೆರಿಕದಲ್ಲಿ ನೆಲೆಸಿರುವ ನಮ್ಮವರ ನಡುವೆ ಹರಿದಾಡುತ್ತಿದೆ. ಈ ಮೂರೂ ತಪ್ಪು.

ಫ್ರೀಜ್ ಎಂದರೆ ನಿಮ್ಮ ಕ್ರೆಡಿಟ್ ವರದಿಯನ್ನು, ಅಂದರೆ ಸಾಲ ಮತ್ತು ಮರುಪಾವತಿಯ ದಾಖಲೆಯನ್ನು, ಹೊಸ ಸಾಲದಾತರು ತೆರೆದು ನೋಡದಂತೆ ತಡೆಹಿಡಿಯುವುದು. ವರದಿ ಸಿಗದಿದ್ದರೆ, ನಿಮ್ಮ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆಯನ್ನು (ಅಮೆರಿಕ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಕದ್ದವನು ನಿಮ್ಮ ಹೆಸರಿನಲ್ಲಿ ಸಾಲ ಕೇಳಿದರೂ ಬ್ಯಾಂಕು ಸಾಮಾನ್ಯವಾಗಿ ಕೊಡುವುದಿಲ್ಲ. ಸ್ಕೋರಿಗಾಗಲಿ ಹಳೆಯ ಕಾರ್ಡುಗಳಿಗಾಗಲಿ ಇದರಿಂದ ಏನೂ ಆಗದು. ಹಿಂದೆ ಹಲವು ರಾಜ್ಯಗಳಲ್ಲಿ ಶುಲ್ಕವಿದ್ದುದು ನಿಜ, ಆದರೆ 2018ರ ಸೆಪ್ಟೆಂಬರ್ 21ರಿಂದ ಫೆಡರಲ್ ಕಾನೂನಿನ ಪ್ರಕಾರ ಇದು ಸಂಪೂರ್ಣ ಉಚಿತ.

ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ, ಕ್ರೆಡಿಟ್ ವರದಿಗಳನ್ನು ಇಟ್ಟುಕೊಳ್ಳುವ ಈ ಮೂರು ಸಂಸ್ಥೆಗಳಿಗೂ ಪ್ರತ್ಯೇಕವಾಗಿ ಕೋರಿಕೆ ಸಲ್ಲಿಸಬೇಕು. ಒಂದನ್ನು ಮರೆತರೂ ಒಂದು ಬಾಗಿಲು ತೆರೆದೇ ಇರುತ್ತದೆ. ಕಾರು ಕೊಳ್ಳಲು ಹೋದಾಗ, ಯಾವ ಸಂಸ್ಥೆಯ ವರದಿ ನೋಡುತ್ತೀರೆಂದು ಡೀಲರನ್ನು ಕೇಳಿ, ಅಲ್ಲೇ ಕುಳಿತು ಮೊಬೈಲಿನಲ್ಲಿ ಆ ಒಂದರ ತಡೆಯನ್ನಷ್ಟೇ ಕೆಲ ದಿನಗಳ ಮಟ್ಟಿಗೆ ತೆಗೆಸಬಹುದು. ಆನ್‌ಲೈನ್ ಅಥವಾ ದೂರವಾಣಿಯ ಮೂಲಕ ಕೋರಿದರೆ ಒಂದು ಗಂಟೆಯೊಳಗೆ ತೆರವುಗೊಳಿಸಬೇಕೆಂಬ ನಿಯಮವಿದೆ.

ಇರುವ ಕಾರ್ಡಿನ ದುರ್ಬಳಕೆಯನ್ನಾಗಲಿ, ತೆರಿಗೆ ಮರುಪಾವತಿಯ ವಂಚನೆಯನ್ನಾಗಲಿ ಫ್ರೀಜ್ ತಡೆಯದು ಎಂಬುದನ್ನೂ ಹೇಳಲೇಬೇಕು. ಮನೆ ಸಾಲದ ಅರ್ಜಿ ನಡೆಯುತ್ತಿರುವವರು ಅದು ಮುಗಿಯುವವರೆಗೆ ಕಾಯಬಹುದು; ಉಳಿದವರು ತಡಮಾಡದೆ ಮಾಡಿಸಿಕೊಳ್ಳುವುದೇ ಲೇಸೆಂದು ನನ್ನ ಖಚಿತ ಅಭಿಪ್ರಾಯ. 16 ವರ್ಷದೊಳಗಿನ ಮಕ್ಕಳ ಹೆಸರಿನಲ್ಲಿಯೂ ತಂದೆತಾಯಿಯರು ಇದನ್ನು ಉಚಿತವಾಗಿ ಮಾಡಿಸಬಹುದು.