ಎಣಿಕೆಗೆ ಸಿಗದ ಸೈಕಲ್

ಕೈಗಾರಿಕಾ ಪ್ರದೇಶಕ್ಕೂ ಪೇಟೆಗೂ ನಡುವೆ ಹಸಿರು ಸಾರಿಗೆ ಕಲ್ಪಿಸುವ ಯೋಜನೆ ಎಲ್ಲಿ ಶುರುವಾದರೂ ಮೊದಲು ನಡೆಯುವುದು ಸಮೀಕ್ಷೆ. ಸಮೀಕ್ಷಕರು ಬೆಳಿಗ್ಗೆ 10ಕ್ಕೆ ಬಂದು ರಸ್ತೆ ಬದಿಯಲ್ಲಿ ಕುರ್ಚಿ ಹಾಕಿಕೊಳ್ಳುತ್ತಾರೆ. ಮೊದಲ ಪಾಳಿಯವರು 6ಕ್ಕೇ ಗೇಟು ದಾಟಿರುತ್ತಾರೆ. ಎರಡನೆಯ ಪಾಳಿಯವರು ಬರುವ ವೇಳೆಗೆ ಇವರ ಊಟದ ವಿರಾಮ. ರಾತ್ರಿ 10ರ ಪಾಳಿ ಇವರ ಲೆಕ್ಕದಲ್ಲಿ ದೆವ್ವಗಳ ಓಡಾಟ. ಕೊನೆಗೆ ವರದಿ ಬರುತ್ತದೆ: ಈ ದಾರಿಯಲ್ಲಿ ನಡೆಯುವವರಾಗಲಿ, ಸೈಕಲ್ ತುಳಿಯುವವರಾಗಲಿ ಕಂಡುಬಂದಿಲ್ಲ.

ಕಾರ್ಖಾನೆಯ ದಾಖಲೆಯನ್ನಾದರೂ ನೋಡಬಾರದೇ? ಅದನ್ನೂ ನೋಡುತ್ತಾರೆ. ಗೇಟಿನ ರಿಜಿಸ್ಟರಿನಲ್ಲಿರುವ ಕಾಲಂಗಳು ಇಷ್ಟು: ವಾಹನದ ನಂಬರು, ಚಾಲಕನ ಹೆಸರು, ಸರಕು, ಒಳಬಂದ ವೇಳೆ, ಹೊರಹೋದ ವೇಳೆ. ಸೈಕಲ್ಲಿಗೆ ನಂಬರಿಲ್ಲ. ಕಾವಲುಗಾರ ಪ್ರಾಮಾಣಿಕ, ನಂಬರಿಲ್ಲದ್ದನ್ನು ಬರೆಯುವವನಲ್ಲ. ಹ್ಯಾಂಡಲ್ ಓರೆ ಮಾಡಿದರಷ್ಟೇ ತೂರುವ ಸಂದಿಯೊಂದರಿಂದ ಸವಾರನನ್ನು ಒಳಗೆ ಬಿಡುತ್ತಾನೆ. ಹಾಗಾಗಿ ಗೋಡೆಗೆ ಒರಗಿದ ಸೈಕಲ್ಲುಗಳ ಸಾಲು ಎಷ್ಟೇ ಉದ್ದವಿರಲಿ, ಕಡತದಲ್ಲಿ ಅದು ಸೊನ್ನೆ.

ಬೇಡಿಕೆಯೇ ಇಲ್ಲವೆಂದು ಯೋಜನೆಯನ್ನು ಕೈಬಿಡುತ್ತಾರೆಯೇ? ಛೆ, ಅನುದಾನ ಬಂದಾಗಿದೆ! ಬಣ್ಣ ಬಳಿಯಲು ಸಲೀಸಾದ ಕಡೆ, ಅಂದರೆ ಪೇಟೆಯ ಉದ್ಯಾನದ ಸುತ್ತ, ಹಸಿರು ಪಥ ಮೂಡುತ್ತದೆ. ಅಲ್ಲಿಂದ ಕಾರ್ಖಾನೆಯತ್ತ ಹೊರಟ ಪಥ ಲಾರಿಗಳ ಆರ್ಭಟ ಶುರುವಾಗುವಲ್ಲಿಗೆ ಸರಿಯಾಗಿ ನಿಂತುಬಿಡುತ್ತದೆ. ಅಲ್ಲೊಂದು ಫಲಕ: ‘ಸೈಕಲ್ ಪಥ ಮುಕ್ತಾಯ’. ಫಲಕದ ಗುಣಮಟ್ಟದ ಬಗ್ಗೆ ಎರಡು ಮಾತಿಲ್ಲ. ಕತ್ತಲಲ್ಲೂ ಹೊಳೆಯುತ್ತದೆ. ಬೀದಿದೀಪವಿಲ್ಲದ ಕಾರಣ, ಹೊಳೆಯಬೇಕಾದರೆ ಹಿಂದಿನಿಂದ ಲಾರಿ ಬರಬೇಕು, ಅಷ್ಟೇ.

ಎಲೆಕ್ಟ್ರಿಕ್ ಬಸ್ಸೂ ಇದೆ. ಮೊದಲ ಬಸ್ಸು ಏಳೂವರೆಗೆ. 6ರ ಪಾಳಿಯವರ ಮಟ್ಟಿಗೆ ಅದು ಹೊಗೆಯನ್ನಷ್ಟೇ ಅಲ್ಲ, ತನ್ನನ್ನೂ ತೋರಿಸುವುದಿಲ್ಲ. ಹಗಲು ಹತ್ತಿದವರನ್ನು ಹೆದ್ದಾರಿಯ ತಿರುವಿನಲ್ಲಿ ಇಳಿಸುತ್ತದೆ. ಗೇಟು ಅಲ್ಲಿಂದ 3 ಕಿ.ಮೀ. ದೂರದಲ್ಲಿದ್ದರೆ, ಗಂಟೆಗೆ 5 ಕಿ.ಮೀ. ವೇಗದಲ್ಲಿ ನಡೆದರೂ 36 ನಿಮಿಷ ಬೇಕು. ಆರೋಗ್ಯಕ್ಕೆ ಒಳ್ಳೆಯದು ಎನ್ನುತ್ತದೆ ಕರಪತ್ರ.

ಅಷ್ಟರಲ್ಲಿ ಸಮಿತಿಗೆ ಅಧ್ಯಯನ ಪ್ರವಾಸದ ಯೋಗ. ಗಣಿ, ಉಕ್ಕಿಗೆ ಹೆಸರಾದ ಜರ್ಮನಿಯ ರೂರ್ ಪ್ರದೇಶದಲ್ಲಿ ಡ್ಯೂಸ್‌ಬರ್ಗ್‌ನಿಂದ ಹಾಮ್‌ವರೆಗೆ, ಕೆಲವೆಡೆ ಹಳೆಯ ರೈಲು ಹಳಿಯ ಜಾಡಿನಲ್ಲೇ, ಸುಮಾರು 100 ಕಿ.ಮೀ. ಸೈಕಲ್ ಹೆದ್ದಾರಿಯ ಯೋಜನೆಯನ್ನು ಅಲ್ಲಿನವರು ಹಾಕಿಕೊಂಡರು. ಮೊದಲ ತುಣುಕು 2015ರಲ್ಲಿ ತೆರೆಯಿತು, 2020 ಕಳೆದರೂ ದಾರಿ ಪೂರ್ತಿಯಾಗಲಿಲ್ಲ. ಹಳಿಯನ್ನು ದಾರಿ ಮಾಡಿದ ಜಾಣತನ ಸಮಿತಿಯ ತಲೆಗೆ ಹೋಗಲಿಲ್ಲ. ಗಡುವು ಮೀರಿದ್ದು ಮಾತ್ರ ಚೆನ್ನಾಗಿ ಹಿಡಿಸಿತು.

ಕಾರ್ಖಾನೆಗಳ ಆಡಳಿತದವರೂ ಸುಮ್ಮನೆ ಕುಳಿತಿಲ್ಲ. ‘ನೌಕರರು ಸೈಕಲ್ಲಿನಲ್ಲೇ ಬರತಕ್ಕದ್ದು’ ಎಂಬ ಸುತ್ತೋಲೆ ಹೊರಟಿದೆ. ಮಳೆಗೆ ನೆನೆಯದಿರಲೆಂದು ಅದನ್ನು ಅಧಿಕಾರಿಗಳ ಕಾರು ನಿಲ್ಲುವ ಛಾವಣಿಯ ಕೆಳಗೆ ಅಂಟಿಸಿದ್ದಾರೆ.