ಅರಿವು (ಪ್ರಜ್ಞೆ) ಎಂಬುದು ಭ್ರಮೆಯೇ?

ಪರ: ಒಳಗೆ ಕುಳಿತು ನೋಡುವವರು ಯಾರೂ ಇಲ್ಲ

ಮಂಜಿನಲ್ಲಿ ಚಾರ್ಮಾಡಿ ಘಾಟಿ ಹತ್ತಿ, ಕೊಟ್ಟಿಗೆಹಾರದಲ್ಲಿ ನೀರುದೋಸೆಗೆಂದು ಕಾರು ನಿಲ್ಲಿಸುತ್ತೀರಿ. ಹಿಂದಿನ ಹತ್ತು ತಿರುವುಗಳಲ್ಲಿ ಒಂದೂ ನೆನಪಿಲ್ಲ. ದಾರಿಯುದ್ದಕ್ಕೂ ತಲೆಯಲ್ಲಿ ಬ್ಯಾಂಕ್ ಸಾಲದ ಲೆಕ್ಕ ಓಡುತ್ತಿತ್ತು. ಹಾಗಾದರೆ ಗೇರ್ ಬದಲಿಸಿದ್ದು, ಎದುರು ಬಂದ ಲಾರಿಗೆ ದಾರಿ ಬಿಟ್ಟದ್ದು ಯಾರು? ಮಿದುಳು. 'ನಾನು' ಎಂಬ ಯಜಮಾನನ ಅಪ್ಪಣೆಗೆ ಅದು ಕಾಯಲಿಲ್ಲ.

1983ರಲ್ಲಿ ಅಮೆರಿಕದ ನರವಿಜ್ಞಾನಿ ಬೆಂಜಮಿನ್ ಲಿಬೆಟ್ ಇದನ್ನು ಗಡಿಯಾರ ಇಟ್ಟು ಅಳೆದರು. ಪ್ರಯೋಗಕ್ಕೆ ಕೂತವರಿಗೆ, ಮನಸ್ಸಾದಾಗ ಮಣಿಕಟ್ಟು ಆಡಿಸಿ ಎಂದರು. ಕೈ ಆಡುವ ಸುಮಾರು 550 ಮಿಲಿಸೆಕೆಂಡ್ ಮೊದಲೇ ಮಿದುಳಿನಲ್ಲಿ ಸಿದ್ಧತೆ ಶುರುವಾಗಿತ್ತು. 'ಆಡಿಸಬೇಕು' ಎಂದು ಅನಿಸಿದ್ದು ಸುಮಾರು 200 ಮಿಲಿಸೆಕೆಂಡ್ ಮೊದಲು. ಊರಿಗೆಲ್ಲ ಗೊತ್ತಾದ ಮೇಲೆ ಪಟೇಲರಿಗೆ ಸುದ್ದಿ ಮುಟ್ಟಿದಂತೆ. ಆಜ್ಞೆ ಕೊಟ್ಟವನು ತಾನೇ ಎಂದು ಪಟೇಲರು ಮಾತ್ರ ನಂಬಿಕೊಂಡಿದ್ದಾರೆ.

ಕಣ್ಣಿನ ನರ ಹೊರಡುವ ಜಾಗದಲ್ಲಿ ದೃಷ್ಟಿಯೇ ಇಲ್ಲ. ಆದರೂ ಒಂದು ಕಣ್ಣು ಮುಚ್ಚಿ ನೋಡಿದರೆ ಮುಳ್ಳಯ್ಯನಗಿರಿಯಲ್ಲಿ ತೂತು ಕಾಣುವುದಿಲ್ಲ. ಆ ತುಂಬು ನೋಟ ಮಿದುಳು ಹಾಕಿದ ತೇಪೆ.

ನೋವೇ ಇಲ್ಲ ಎಂದು ಇಲ್ಲಿ ಯಾರೂ ವಾದಿಸುತ್ತಿಲ್ಲ. ನೋವಿಗೊಂದು ವರ್ಣಿಸಲಾಗದ ಒಳಬಣ್ಣವಿದೆ, ಅದನ್ನು ತಲೆಯೊಳಗಿನ ರಂಗಮಂದಿರದಲ್ಲಿ ಒಬ್ಬ ಪ್ರೇಕ್ಷಕ ಕುಳಿತು ನೋಡುತ್ತಾನೆ ಎಂಬ ನಂಬಿಕೆಯನ್ನಷ್ಟೇ ಅಮೆರಿಕದ ತತ್ವಜ್ಞಾನಿ ಡೇನಿಯಲ್ ಡೆನೆಟ್ ಭ್ರಮೆ ಎಂದು ಅಲ್ಲಗಳೆದದ್ದು.

ವಿರೋಧ: ಹಾವು ಸುಳ್ಳು, ಬೆಚ್ಚಿದ್ದು ಸುಳ್ಳಲ್ಲ

ಪಟೇಲರಿಗೆ ಸುದ್ದಿ ತಡವಾಗಿ ಮುಟ್ಟಿತು ಎನ್ನಬೇಕಾದರೂ ಪಟೇಲರು ಇರಬೇಕಲ್ಲ! ಲಿಬೆಟ್ ಅಳೆದದ್ದು ನಿರ್ಧಾರದ ವೇಳೆಯನ್ನು. ಅರಿವು ಇದೆಯೇ ಎಂಬುದನ್ನಲ್ಲ. (ಆ 'ಸಿದ್ಧತೆ'ಯನ್ನು ಮಿದುಳಿನ ಗೊತ್ತುಗುರಿಯಿಲ್ಲದ ಏರಿಳಿತವೆಂದೂ ವಿವರಿಸಬಹುದು ಎಂದು 2012ರಲ್ಲಿ ನರವಿಜ್ಞಾನಿ ಆರನ್ ಶುರ್ಗರ್ ಮತ್ತು ಸಂಗಡಿಗರು ತೋರಿಸಿದರು.)

ಶೃಂಗೇರಿ ನಮ್ಮ ಜಿಲ್ಲೆಯಲ್ಲೇ ಇರುವುದರಿಂದ 'ಎಲ್ಲವೂ ಮಾಯೆ' ಎನ್ನುವವರಿಗೆ ಇಲ್ಲಿ ಬರವಿಲ್ಲ. ಅರಿವೇ ಭ್ರಮೆ ಎನ್ನುವ ಭ್ರಮಾವಾದಿಗಳ ಪಕ್ಕದಲ್ಲಿ ಶಂಕರರನ್ನೂ ಕೂರಿಸುತ್ತಾರೆ. ಇದು ತಲೆಕೆಳಗಾದ ಓದು. ಶಂಕರರಿಗೆ ಮಿಥ್ಯೆಯಾದದ್ದು ಜಗತ್ತು. ಅದನ್ನು ಬೆಳಗುವ ಅರಿವಲ್ಲ. 'ನಾನಿಲ್ಲ' ಎಂದು ಯಾರಿಗೂ ಅನಿಸುವುದಿಲ್ಲ ಎಂದು ಬ್ರಹ್ಮಸೂತ್ರ ಭಾಷ್ಯದ ಆರಂಭದಲ್ಲೇ ಹೇಳುತ್ತಾರೆ. ಹಗ್ಗ ಹಾವಾಗಿ ಕಾಣಬೇಕಾದರೂ ಒಬ್ಬರಿಗೆ ಕಾಣಬೇಕು.

ಅದ್ವೈತ ಬೇಡವೆಂದರೆ ತೋಟಕ್ಕೆ ಬನ್ನಿ. ಮಳೆಗಾಲದಲ್ಲಿ ಇಂಬಳ (ಜಿಗಣೆ) ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಮನೆಗೆ ಬಂದು ಕಾಲುಚೀಲ ಬಿಚ್ಚಿದಾಗ ರಕ್ತ. ಚಗಳಿ ಇರುವೆ ಹಾಗಲ್ಲ, ಕಚ್ಚಿದ ಕ್ಷಣವೇ ಜೀವ ಹಾರುತ್ತದೆ. ಎರಡರಲ್ಲೂ ಗಾಯವಾಗಿದೆ, ನೋವಾದದ್ದು ಒಂದರಲ್ಲಿ ಮಾತ್ರ. ಆ ವ್ಯತ್ಯಾಸಕ್ಕೆ ನಾನು ಅರಿವು ಎನ್ನುತ್ತೇನೆ. ಒಳಬಣ್ಣ ಇದ್ದಂತೆ ಅನಿಸುತ್ತದೆಯೇ ಹೊರತು ಇಲ್ಲ ಎಂದು ಭ್ರಮಾವಾದಿ ಹೇಳಬಹುದು. ಹಗ್ಗದ ಹತ್ತಿರ ಹೋದರೆ ಹಾವು ಹೋಗುತ್ತದೆ. ಚಗಳಿ ಕಚ್ಚಿದ ಬೆರಳನ್ನು ಎಷ್ಟು ಹತ್ತಿರದಿಂದ ನೋಡಿದರೂ ಉರಿ ಉರಿಯಾಗಿಯೇ ಉಳಿಯುತ್ತದೆ.